ನಮ್ಮ ತಂಡದ ವಿರುದ್ಧ ಆಡುವ ಆಟಗಾರನನ್ನು ಮೆಚ್ಚಿಕೊಳ್ಳುವುದು ತಪ್ಪೇ?

ನೀವು ನೆಚ್ಚಿದ ತಂಡವನ್ನು ಸೋಲಿಸಿದ ಆಟಗಾರನನ್ನು ಹೊಗಳಿದ್ದಕ್ಕೆ ಗೆಳೆಯರು ‘ಉಂಡ ಮನೆಗೆ ಎರಡು ಬಗೆಯುತ್ತೀಯಾ’ ಎಂದು ಆಕ್ಷೇಪಿಸಿದರೆಂದೂ, ಅದು ನಿಜಕ್ಕೂ ತಪ್ಪೇ ಎಂದೂ ಕೇಳಿದ್ದೀರಿ. ತಪ್ಪಲ್ಲ ಎಂಬುದೇ ನನ್ನ ದೃಢವಾದ ಅಭಿಪ್ರಾಯ. ಇಂಗ್ಲೆಂಡಿನ ಫುಟ್‌ಬಾಲ್ ತಂಡ ಮ್ಯಾಂಚೆಸ್ಟರ್ ಯುನೈಟೆಡ್‌ನ ಕಟ್ಟಾ ಅಭಿಮಾನಿಯಾದ ನನಗೆ ಇದು ಮನದಟ್ಟಾದದ್ದು 2003ರ ಏಪ್ರಿಲ್ 23ರ ಪಂದ್ಯದಲ್ಲಿ.

ಅದು ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನಲ್ಲಿ ಸ್ಪೇನ್‌ನ ರಿಯಲ್ ಮ್ಯಾಡ್ರಿಡ್ ವಿರುದ್ಧದ ಎರಡು ಪಂದ್ಯಗಳ ಕ್ವಾರ್ಟರ್ ಫೈನಲ್‌ನ ಎರಡನೆಯ ಪಂದ್ಯ. ಮ್ಯಾಡ್ರಿಡ್‌ನಲ್ಲಿ 3–1ರಿಂದ ಸೋತು ಬಂದಿದ್ದ ನಮ್ಮವರಿಗೆ ನಮ್ಮದೇ ಅಂಗಳವಾದ ಓಲ್ಡ್ ಟ್ರಾಫರ್ಡ್‌ನಲ್ಲಿ 2–0 ಗೆಲುವು ಸಾಕಾಗಿತ್ತು (ಒಟ್ಟು ಗೋಲು ಸಮವಾದರೆ ಎದುರಾಳಿಯ ಅಂಗಳದಲ್ಲಿ ಹೆಚ್ಚು ಗೋಲು ಹೊಡೆದ ತಂಡ ಆಗ ಮುಂದೆ ಹೋಗುತ್ತಿತ್ತು). ನಮ್ಮಲ್ಲಿ ಆಗ ನಡುರಾತ್ರಿ ದಾಟಿತ್ತು. ಮನೆಯವರಿಗೆ ಎಚ್ಚರವಾಗದಿರಲೆಂದು ಟಿವಿಯ ಸದ್ದು ತಗ್ಗಿಸಿ ಕುಳಿತಿದ್ದೆ. ಹನ್ನೆರಡನೆಯ ನಿಮಿಷದಲ್ಲಿ ರಿಯಲ್ ಮ್ಯಾಡ್ರಿಡ್ ಪರ ಆಡುತ್ತಿದ್ದ ಬ್ರೆಜಿಲ್‌ನ ರೊನಾಲ್ಡೊ ರಕ್ಷಣಾ ಸಾಲನ್ನು ಸೀಳಿಕೊಂಡು ಬಂದ ಪಾಸ್‌ನ ಹಿಂದೆ ಓಡಿದವನು, ಎಲ್ಲರೂ ಇನ್ನೊಂದೆರಡು ಹೆಜ್ಜೆ ಇಡುತ್ತಾನೆ ಎಂದುಕೊಂಡಿದ್ದ ಹೊತ್ತಿನಲ್ಲೇ ಒದ್ದುಬಿಟ್ಟ. ನಮ್ಮ ಗೋಲ್‌ಕೀಪರ್ ಬಾರ್ತೇಜ್ ಸಿದ್ಧವಾಗುವ ಮುನ್ನವೇ ಚೆಂಡು ಹತ್ತಿರದ ಕಂಬದ ಪಕ್ಕದಿಂದ ಬಲೆ ಸೇರಿತ್ತು. ಮೊಣಕಾಲಿನ ಭೀಕರ ಗಾಯದಿಂದ ಆಟವೇ ಮುಗಿಯಿತು ಎನಿಸಿಕೊಂಡಿದ್ದ ಮನುಷ್ಯನ ಓಟ ಅದು ಎಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ವಿರಾಮದ ನಂತರ ಅವನು ಇನ್ನೆರಡು ಗೋಲು ಹೊಡೆದ. ಮೂರನೆಯದು ದೂರದಿಂದ ಬೀಸಿದ ಹೊಡೆತ.

67ನೆಯ ನಿಮಿಷದಲ್ಲಿ ಅವನನ್ನು ಹೊರಗೆ ಕರೆಸಿಕೊಂಡಾಗ ನಾವು 2–3ರಿಂದ ಹಿಂದಿದ್ದೆವು. ಮುಂದಿನ ಸುತ್ತಿಗೆ ಹೋಗಲು ಇನ್ನೂ ನಾಲ್ಕು ಗೋಲು ಬೇಕಿದ್ದವು. ಅಂಥ ಹೊತ್ತಿನಲ್ಲಿ ಯುನೈಟೆಡ್‌ನ ಅಭಿಮಾನಿಗಳು ಎದ್ದು ನಿಂತು, ತಮ್ಮ ಆಸೆಗೆ ತಣ್ಣೀರೆರಚಿದವನಿಗೇ ಚಪ್ಪಾಳೆ ತಟ್ಟಿದರು. ಅನಂತರ ನಮ್ಮ ಬೆಕಮ್ ಎರಡು ಗೋಲು ಹೊಡೆದು ಪಂದ್ಯವನ್ನು 4–3ರಿಂದ ಗೆಲ್ಲಿಸಿದರೂ ಒಟ್ಟು ಲೆಕ್ಕದಲ್ಲಿ 6–5ರಿಂದ ರಿಯಲ್ ಮ್ಯಾಡ್ರಿಡ್ ಮುಂದೆ ಹೋಯಿತು. ಚಪ್ಪಾಳೆ ತಟ್ಟಿದವರ ನಿಷ್ಠೆಯನ್ನು ಶಂಕಿಸಲು ನನ್ನಿಂದಂತೂ ಸಾಧ್ಯವಿಲ್ಲ. ಮಳೆ ಚಳಿಯೆನ್ನದೆ ತಂಡದ ಬೆನ್ನಿಗೆ ನಿಂತ ಜನ ಅವರು. ಅವನು ಮಾಡಿದ ಕೆಲಸ ಎಷ್ಟು ಕಷ್ಟದ್ದೆಂಬುದು ಅವರಿಗಿಂತ ಚೆನ್ನಾಗಿ ಇನ್ನಾರಿಗೆ ತಿಳಿದೀತು? (ಬಾರ್ಸಿಲೋನಾದ ರೊನಾಲ್ಡಿನ್ಯೊಗೆ 2005ರಲ್ಲಿ ರಿಯಲ್ ಮ್ಯಾಡ್ರಿಡ್‌ನ ಅಂಗಳದಲ್ಲೇ ಇಂಥ ಗೌರವ ಸಂದಿತು, ಆ ಎರಡು ತಂಡಗಳ ಹಗೆತನ ಬಲ್ಲವರಿಗೆ ಅದು ಇನ್ನೂ ದೊಡ್ಡ ಮಾತು.)

ಆದರೆ ವರ್ಷಕ್ಕೊಮ್ಮೆ ಎದುರಾಗುವ ಪರದೇಶದ ತಂಡದವನನ್ನು ಮೆಚ್ಚುವುದು ಸುಲಭ, ಪ್ರಶಸ್ತಿಗಾಗಿ ಪ್ರತಿ ವರ್ಷವೂ ನಮ್ಮೊಡನೆ ಸೆಣಸುವ ತಂಡದವನನ್ನು ಮೆಚ್ಚುವುದು ಕಷ್ಟ ಎಂಬುದನ್ನು ಒಪ್ಪುತ್ತೇನೆ. ಇಂಗ್ಲೆಂಡಿನದೇ ಆದ ಆರ್ಸೆನಲ್ ತಂಡದ ಥಿಯೆರಿ ಆನ್ರಿಯ ವಿಷಯದಲ್ಲಿ ನನಗೆ ಹಾಗೆಯೇ ಆಗಿತ್ತು. 2000ದ ಅಕ್ಟೋಬರ್‌ನಲ್ಲಿ ಅವರ ಅಂಗಳ ಹೈಬರಿಯಲ್ಲಿ ನಮ್ಮ ಗೋಲಿಗೆ ಬೆನ್ನು ಮಾಡಿ ನಿಂತಿದ್ದ ಆತ ಚೆಂಡನ್ನು ಕಾಲಿನಿಂದ ಮೇಲಕ್ಕೆ ಚಿಮ್ಮಿಸಿ, ಗರ್ರನೆ ತಿರುಗಿ, ಅದು ನೆಲಕ್ಕೆ ಬೀಳುವ ಮುನ್ನವೇ ಬಾರ್ತೇಜ್‌ನ ತಲೆಯ ಮೇಲಿಂದ ಬಲೆಗೆ ಕಳಿಸಿದ. ಆ ಒಂದೇ ಗೋಲಿನಿಂದ ನಾವು ಸೋತೆವು. ಅದನ್ನು ಚೆಲುವಾದ ಗೋಲೆಂದು ಬಾಯಿಬಿಟ್ಟು ಹೇಳಲು ನನಗೆ ವರ್ಷಗಳೇ ಬೇಕಾದವು. ಈಗಲೂ ಅದನ್ನು ನೋಡುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಮತ್ತೆ ಹಿಂದಕ್ಕೆ ತಿರುಗಿಸಿ ನೋಡುತ್ತೇನೆ.