ಆಲೆಮನೆ ಲೆಕ್ಕ: ಮುಂಗಡ, ಬಿಲ್ಲು, ಕಂತು ಜೋಡಿಸೋಕೆ ಟೇಬಲ್ ಹೇಗಿರಬೇಕು

ಮಂಡ್ಯದ ಆಲೆಮನೆ ಲೆಕ್ಕಕ್ಕೆ ಎಸ್‌ಕ್ಯೂಲೈಟ್ ಅನ್ನೋ ಪುಟ್ಟ ಡೇಟಾಬೇಸ್‌ನಲ್ಲಿ ಆ್ಯಪ್ ಮಾಡ್ತಿದ್ದೀರಿ. ರೈತನ ಮುಂಗಡ, ಕಬ್ಬಿನ ಬಿಲ್ಲು, ಕಟಾವು ಕೂಲಿ, ಕಂತಿನ ಪಾವತಿ ಎಲ್ಲಾ ಇರೋ ಒಂದೇ ಟೇಬಲ್‌ಗೆ 'ಸಂಬಂಧಿತ ಐಡಿ' ಕಾಲಂ ಸೇರಿಸಿದ್ರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಒಂದು ಮುಂಗಡ ಎರಡು ಬಿಲ್ಲಿಗೆ ವಜಾ ಆದ (ಬಿಲ್ಲಿನಿಂದ ಕಳೆದುಕೊಂಡ) ದಿನವೇ ಆ ಕಾಲಂ ಕೈಕೊಡುತ್ತೆ. ಯಾವ ಬಿಲ್ಲಿಗೆ ಎಷ್ಟು ಹೋಯ್ತು ಅಂತ ಬರೆಯೋಕೆ ಅಲ್ಲಿ ಜಾಗವೇ ಇಲ್ಲ.

ಇಲ್ಲಿರೋದು ಎರಡು ಬಗೆಯ ನಂಟು. ಒಂದೇ ವ್ಯವಹಾರದಲ್ಲಿ ಒಟ್ಟಿಗೆ ಹುಟ್ಟೋ ಸಾಲುಗಳು ಒಂದು. ಬೇರೆ ದಿನದ ಪಾವತಿ ಹಳೇ ಬಿಲ್ಲನ್ನು ತೀರಿಸೋದು ಇನ್ನೊಂದು. ಎರಡನ್ನೂ ಬೆರೆಸಬೇಡಿ.

ಮೊದಲನೆಯದಕ್ಕೆ 'ವೋಚರ್' ಟೇಬಲ್ (ಐಡಿ, ವ್ಯವಹಾರದ ತಾರೀಖು, ನಮೂದಿಸಿದ ಸಮಯ, ಸ್ಥಿತಿ, ಷರಾ), ಅದರ ಕೆಳಗೆ 'ಸಾಲು' ಟೇಬಲ್ (ಐಡಿ, ವೋಚರ್ ಐಡಿ, ಖಾತೆ ಐಡಿ, ಮೊತ್ತ). ಪ್ರತಿ ರೈತನಿಗೂ ಪ್ರತ್ಯೇಕ ಖಾತೆ. ಉದಾಹರಣೆಗೆ 40 ಟನ್ ಕಬ್ಬು, ಟನ್ನಿಗೆ 3,000 ರೂ., ಕಟಾವು ಕೂಲಿ ಟನ್ನಿಗೆ 700 ರೂ. ರೈತನ ತಲೆಗೆ. ಆಗ ಕಬ್ಬು ಖರೀದಿ ಪ್ಲಸ್ 1,20,000, ರೈತ ಮೈನಸ್ 92,000, ಕಟಾವು ಮೇಸ್ತ್ರಿ ಮೈನಸ್ 28,000. ಇಲ್ಲಿ ಮೈನಸ್ ಅಂದ್ರೆ ನೀವು ಕೊಡಬೇಕಾದ್ದು. ಕೂಡಿದರೆ ಸೊನ್ನೆ ಬರಲೇಬೇಕು.

ಎರಡನೆಯದಕ್ಕೆ 'ವಜಾ' ಟೇಬಲ್: ಬಿಲ್ಲಿನ ಸಾಲು ಐಡಿ, ಪಾವತಿಯ ಸಾಲು ಐಡಿ, ಮೊತ್ತ. ಮುಂಗಡದಿಂದ 30,000, ಮೊದಲ ಕಂತಿನಿಂದ 40,000 ವಜಾ ಹಾಕಿದ್ರೆ ಬಾಕಿ 22,000. ಈ ಬಾಕಿಯನ್ನು ಕಾಲಂ ಮಾಡಿ ಇಡಬೇಡಿ, ಪ್ರತಿ ಸಲ ಲೆಕ್ಕ ಹಾಕಿಸಿ. ಇಟ್ಟರೆ ಒಂದಲ್ಲ ಒಂದು ದಿನ ವಜಾ ಟೇಬಲ್‌ಗೂ ಅದಕ್ಕೂ ತಾಳೆ ತಪ್ಪುತ್ತೆ. ಎರಡೂ ಸಾಲು ಒಂದೇ ರೈತನ ಖಾತೆಯದ್ದಾ, ವಜಾ ಒಟ್ಟು ಆ ಸಾಲಿನ ಮೊತ್ತ ಮೀರಿದೆಯಾ ಅಂತ ಟ್ರಿಗರ್‌ನಲ್ಲಿ (ಟೇಬಲ್ ಬದಲಾದಾಗ ತಾನಾಗೇ ಓಡೋ ಕೋಡ್) ನೋಡಿ.

ಸೊನ್ನೆಯ ತಪಾಸಣೆಯಲ್ಲೇ ಹೆಚ್ಚು ಜನ ಎಡವೋದು. ಚೆಕ್ ಕನ್‌ಸ್ಟ್ರೇಂಟ್ (ಟೇಬಲ್‌ಗೇ ಹಾಕೋ ಷರತ್ತು) ಒಳಗೆ ಸಬ್‌ಕ್ವೆರಿ ನಡೆಯಲ್ಲ, ಅಂದ್ರೆ ಬೇರೆ ಸಾಲುಗಳನ್ನು ಹುಡುಕಿ ಕೂಡೋಕೆ ಆಗಲ್ಲ. ಸಾಲು ಸೇರಿಸುವಾಗಲೇ ಟ್ರಿಗರ್ ಓಡಿಸಿದ್ರೆ ಮೊದಲ ಸಾಲಿಗೇ ತಪ್ಪು ಅನ್ನುತ್ತೆ, ಉಳಿದವು ಇನ್ನೂ ಬಂದಿರಲ್ಲ. ಹಾಗಾಗಿ ವೋಚರ್ 'ಕರಡು' ಆಗಿ ಹುಟ್ಟಲಿ. 'ಅಂತಿಮ'ಕ್ಕೆ ಬದಲಾಗುವಾಗ ಅಪ್‌ಡೇಟ್ ಟ್ರಿಗರ್ ಮೊತ್ತ ಕೂಡಿ, ಸೊನ್ನೆ ಬರದಿದ್ರೆ ತಡೆಯಲಿ. ಇಷ್ಟೂ ಒಂದೇ ಬಿಗಿನ್-ಕಮಿಟ್ ಒಳಗಿರಲಿ, ಆದ್ರೆ ಎಲ್ಲಾ ಆಗಬೇಕು, ಇಲ್ಲಾಂದ್ರೆ ಏನೂ ಆಗಬಾರದು. ಅಂತಿಮವಾದದ್ದನ್ನು ಅಳಿಸಬೇಡಿ, ಪ್ಲಸ್-ಮೈನಸ್ ತಿರುಗಿಸಿದ ಇನ್ನೊಂದು ವೋಚರ್ ಹಾಕಿ.

ಮೊತ್ತವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ, ತೂಕ ಕೆಜಿಯಲ್ಲಿ. ಎಸ್‌ಕ್ಯೂಲೈಟ್‌ನಲ್ಲಿ ಡೆಸಿಮಲ್ ಅಂತ ಬರೆದರೂ ದಶಾಂಶ ಇರೋ ಮೊತ್ತ ಒಳಗೆ ಫ್ಲೋಟ್ (ಅಂದಾಜು ದಶಾಂಶ) ಆಗಿಬಿಡುತ್ತೆ. ಟೇಬಲ್‌ಗಳ ನಡುವಿನ ಕೊಂಡಿ ಸರಿ ಇದೆಯಾ ಅಂತ ನೋಡೋ ಫಾರಿನ್ ಕೀ ಪ್ರಾಗ್ಮಾ ಸೆಟ್ಟಿಂಗನ್ನು ಪ್ರತಿ ಕನೆಕ್ಷನ್‌ನಲ್ಲೂ ಆನ್ ಮಾಡಬೇಕು, ಇಲ್ಲದಿದ್ರೆ ವೋಚರ್ರೇ ಇಲ್ಲದ ಅನಾಥ ಸಾಲುಗಳು ಸೇರಿಕೊಳ್ಳುತ್ತವೆ. ಬ್ಯಾಂಕಿನ ಯುಟಿಆರ್ ಸಂಖ್ಯೆಗೆ (ಪ್ರತಿ ಹಣ ವರ್ಗಾವಣೆಯ ಗುರುತಿನ ಸಂಖ್ಯೆ) ಯುನೀಕ್ ಷರತ್ತು ಹಾಕಿದ್ರೆ ಒಂದೇ ಪಾವತಿ ಎರಡು ಸಲ ನಮೂದಾಗಲ್ಲ. ನಗದು ಪಾವತಿಗೆ ಅಲ್ಲಿ ನಲ್ ('ಬೆಲೆಯೇ ಇಲ್ಲ' ಅನ್ನೋ ಗುರುತು) ಇಡಿ, ಖಾಲಿ ಅಕ್ಷರ ಇಟ್ಟರೆ ಎರಡನೇ ನಗದು ಪಾವತಿಯೇ ಒಳಗೆ ಹೋಗಲ್ಲ.

ಹಳೇ ಬಾಕಿಯನ್ನು ಆ್ಯಪ್‌ಗೆ ತರುವಾಗ ರೈತನ ಒಟ್ಟು ಬಾಕಿಯನ್ನು ಒಂದೇ ಸಾಲು ಮಾಡಬೇಡಿ. ತೀರದ ಪ್ರತಿ ಬಿಲ್ಲು, ಪ್ರತಿ ಮುಂಗಡಕ್ಕೂ 'ಆರಂಭಿಕ ಶಿಲ್ಕು' ಖಾತೆಯ ಎದುರು ಒಂದೊಂದು ವೋಚರ್ ಹಾಕಿ. ಆಗಲೇ ಮುಂದಿನ ಕಂತು ಯಾವ ಬಿಲ್ಲಿಗೆ ಅಂತ ವಜಾ ಹಾಕೋಕೆ ಆಗೋದು.