ಅಕ್ಟೋಬರ್ 21 ಯಾಕೆ, ಬಂದೂಕು ತಲೆಕೆಳಗೆ ಯಾಕೆ
ಪೊಲೀಸ್ ಹುತಾತ್ಮರ ದಿನ ಅಕ್ಟೋಬರ್ 21ಕ್ಕೇ ಯಾಕೆ, ಅಂದು ಬಂದೂಕನ್ನು ತಲೆಕೆಳಗೆ ಹಿಡಿಯುವುದು ಯಾಕೆ ಅಂತ ಕೇಳಿದ್ದೀರಿ. 1959ರ ಅದೇ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್ ಹತ್ತಿರ, ಕಾಣೆಯಾದ ತಮ್ಮವರನ್ನು ಹುಡುಕಲು ಹೋದ ಪೊಲೀಸ್ ತಂಡದ ಮೇಲೆ ಚೀನಾ ಸೈನಿಕರು ಗುಂಡು ಹಾರಿಸಿದರು. 10 ಪೊಲೀಸರು ಸತ್ತರು. ಆಗ ಅಲ್ಲಿ ಗಡಿ ಕಾಯುತ್ತಿದ್ದವರು ಪೊಲೀಸರೇ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ ಅಲ್ವಾ? ಶವಗಳು ಕೈಗೆ ಸಿಕ್ಕಿದ್ದು ಮೂರು ವಾರ ಕಳೆದು, ನವೆಂಬರ್ 13ಕ್ಕೆ.

ನಳಿಗೆ ನೆಲದ ಕಡೆ ಮಾಡಿ ತಲೆ ಬಗ್ಗಿಸುವುದು ಶೋಕದ ಗುರುತು, ಅಷ್ಟೇ. ನನ್ನ ಗಂಟಲು ಕಟ್ಟುವುದು ಹೆಸರು ಓದುವಾಗ. ಆ ವರ್ಷ ಕರ್ತವ್ಯದಲ್ಲಿ ಸತ್ತವರ ಹೆಸರು, ಹುದ್ದೆ ಒಂದೊಂದಾಗಿ ಬರುತ್ತವೆ. ಕೇಳುತ್ತಾ ಹೋದರೆ ಕಾನ್‌ಸ್ಟೇಬಲ್ ಅನ್ನುವ ಪದವೇ ಜಾಸ್ತಿ. ಆ ದಿನದ ಕಾರ್ಯಕ್ರಮಕ್ಕೆ ಹೋದರೆ ಪಟ್ಟಿ ಮುಗಿಯುವವರೆಗೂ ನಿಲ್ಲಿ. ಸುಮ್ನೆ ಫೋಟೋ ತೆಗೆದು ಹೊರಡಬೇಡಿ.