ಲ್ಯಾಪರೊಸ್ಕೋಪಿಯಲ್ಲಿ ಗರ್ಭಕೋಶ ತೆಗೆಸಿದ ಮೇಲೆ ಭುಜ ನೋಯುತ್ತಿದೆ. ಇದು ಅಪಾಯವೇ?

ಸಾಮಾನ್ಯವಾಗಿ ಅಲ್ಲ. ಲ್ಯಾಪರೊಸ್ಕೋಪಿ ಅಂದರೆ ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್. ಒಳಗೆ ಕೆಲಸ ಮಾಡಲು ಜಾಗ ಬೇಕಲ್ವಾ, ಅದಕ್ಕೆ ಹೊಕ್ಕುಳ ಹತ್ತಿರ ಸಣ್ಣ ತೂತು ಮಾಡಿ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ. ಉಳಿದ ಗ್ಯಾಸ್ ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯುವನ್ನು, ಕೆಣಕುತ್ತದೆ. ವಪೆಯ ನರವೂ ಭುಜದ ನರವೂ ಕತ್ತಿನ ಒಂದೇ ಭಾಗದಿಂದ ಬರುವುದರಿಂದ ನೋವು ಭುಜದಲ್ಲಿ ಕಾಣಿಸುತ್ತದೆ. 2–3 ದಿನದಲ್ಲಿ ಇಳಿಯುತ್ತದೆ. ಸ್ವಲ್ಪ ಓಡಾಡಿ. ಆದರೆ ಎದೆನೋವು, ಉಸಿರಾಟದ ತೊಂದರೆ ಇದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ನನಗೆ ಹೆಚ್ಚು ಚಿಂತೆಯಾಗುವುದು ಮೂತ್ರನಾಳದ್ದು, ಅಂದರೆ ಕಿಡ್ನಿಯಿಂದ ಮೂತ್ರಕೋಶಕ್ಕೆ ಮೂತ್ರ ಒಯ್ಯುವ ನಾಳದ್ದು. ಅದು ಗರ್ಭಕೋಶದ ರಕ್ತನಾಳದ ಕೆಳಗೇ ಹಾದುಹೋಗುತ್ತದೆ. ರಕ್ತ ನಿಲ್ಲಿಸಲು ಸುಡುವಾಗ ಅದಕ್ಕೆ ಬಿಸಿ ತಗುಲಿದರೆ ಅಂದು ಗೊತ್ತಾಗದು, ಕೆಲವು ದಿನ ಕಳೆದು ತೂತು ಬೀಳಬಹುದು. ಕರುಳಿಗೂ ಹೀಗಾಗಬಹುದು. ಅಪರೂಪವೇ, ನಿಜ. ಆದರೂ ಜ್ವರ, ಪಕ್ಕೆನೋವು, ಜಾಸ್ತಿಯಾಗುತ್ತಲೇ ಹೋಗುವ ಹೊಟ್ಟೆನೋವು, ಯೋನಿಯಿಂದ ನೀರಿನಂತೆ ಸೋರುವುದು ಕಂಡರೆ ಸುಮ್ನೆ ಮಾತ್ರೆ ನುಂಗಿ ಕೂರಬೇಡಿ, ಅದೇ ದಿನ ಡಾಕ್ಟರಿಗೆ ತೋರಿಸಿ.